ಸಂಬಳ, ಬೆಳವಣಿಗೆ, ಮನ್ನಣೆ: ಕೆಲಸ ಬದಲಿಸುವವರ ಮೂರು ಲೆಕ್ಕಗಳು

ಕೆಲಸ ಬದಲಿಸಬೇಕೇ ಬೇಡವೇ ಎಂಬುದು ಮೇಲ್ನೋಟಕ್ಕೆ ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ಬೇರೆ ಬೇರೆ ಮೂಲದ ಮೂರು ಕೊರತೆಗಳು ಬೆರೆತಿರುತ್ತವೆ: ದುಡಿಮೆಗೆ ತಕ್ಕ ಸಂಬಳ ಬರುತ್ತಿಲ್ಲ ಎಂಬುದು ಒಂದು, ಹೊಸದನ್ನು ಕಲಿಯುವುದಕ್ಕಾಗಲಿ ಮೇಲೇರುವುದಕ್ಕಾಗಲಿ ದಾರಿ ಕಾಣುತ್ತಿಲ್ಲ ಎಂಬುದು ಇನ್ನೊಂದು, ಮಾಡಿದ ಕೆಲಸಕ್ಕೆ ಮನ್ನಣೆ ಸಿಗುತ್ತಿಲ್ಲ ಎಂಬುದು ಮತ್ತೊಂದು. ಈ ಮೂರೂ ಒಟ್ಟಿಗೆ ಕಾಡುವುದು ಅಪರೂಪವಲ್ಲ. ಆದರೆ ಮೂರಕ್ಕೂ ಕಂಪನಿ ಬದಲಾವಣೆಯೇ ಪರಿಹಾರವೆಂದು ಭಾವಿಸುವಲ್ಲಿ ಲೆಕ್ಕ ತಪ್ಪುತ್ತದೆ. ಸಂಬಳದ ಕೊರತೆಯನ್ನು ಹೊಸ ಕೆಲಸ ಬಹುಮಟ್ಟಿಗೆ ತುಂಬಿಕೊಡಬಲ್ಲದು. ಬೆಳವಣಿಗೆಯ ಕೊರತೆ ತುಂಬುತ್ತದೆಯೋ ಇಲ್ಲವೋ ಎಂಬುದು ಹೋಗಿ ಸೇರುವ ಜಾಗವನ್ನು ಅವಲಂಬಿಸಿದೆ. ಮನ್ನಣೆಯ ವಿಷಯದಲ್ಲಾದರೋ, ಹಳೆಯ ಜಾಗದಲ್ಲಿ ವರ್ಷಗಟ್ಟಲೆ ಕೂಡಿಬಂದಿದ್ದ ಅಷ್ಟಿಷ್ಟು ವಿಶ್ವಾಸವನ್ನೂ ಅಲ್ಲೇ ಬಿಟ್ಟು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಯಾವ ಕೊರತೆ ನಿಜವಾಗಿ ಕಾಡುತ್ತಿದೆ ಎಂಬುದನ್ನು ಬಿಡಿಸಿಕೊಳ್ಳದೆ ಬರೆದ ರಾಜೀನಾಮೆ ಪತ್ರ, ಆದುದರಿಂದ, ಒಂದು ಕಾಯಿಲೆಗೆ ಇನ್ನೊಂದರ ಔಷಧ ಕೊಟ್ಟಂತೆ ಆಗಿಬಿಡುವ ಸಂಭವ ಹೆಚ್ಚು.

ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಉದ್ಯಮ ಈ ವಿಷಯವನ್ನು ದೊಡ್ಡ ಪ್ರಮಾಣದಲ್ಲಿ ನೋಡಲು ಅನುವು ಮಾಡಿಕೊಡುತ್ತದೆ. ಹನ್ನೆರಡು ತಿಂಗಳಲ್ಲಿ ಸ್ವಇಚ್ಛೆಯಿಂದ ಕೆಲಸ ಬಿಟ್ಟುಹೋದವರು ಒಟ್ಟು ನೌಕರರಲ್ಲಿ ಶೇಕಡಾ ಎಷ್ಟು ಎಂಬ ಲೆಕ್ಕವನ್ನು ಉದ್ಯಮದವರು ಅಟ್ರಿಷನ್ ಎನ್ನುತ್ತಾರೆ. ಕೋವಿಡ್ ನಂತರದ ನೇಮಕಾತಿಯ ಭರಾಟೆಯಲ್ಲಿ ಈ ಪ್ರಮಾಣ ಇನ್ಫೋಸಿಸ್‌ನಲ್ಲಿ 2022ರ ಜೂನ್ ತ್ರೈಮಾಸಿಕಕ್ಕೆ ಶೇ. 28.4ಕ್ಕೂ, ಟಿಸಿಎಸ್‌ನಲ್ಲಿ ಅದೇ ವರ್ಷದ ಸೆಪ್ಟೆಂಬರ್ ತ್ರೈಮಾಸಿಕಕ್ಕೆ ಶೇ. 21.5ಕ್ಕೂ ಏರಿತ್ತು, 2023ರ ಕೊನೆಯ ಹೊತ್ತಿಗೆ ಎರಡೂ ಕಡೆ ಶೇ. 13ರ ಆಸುಪಾಸಿಗೆ ಇಳಿಯಿತು. ಒಂದೂವರೆ ವರ್ಷದೊಳಗೆ ಲಕ್ಷಾಂತರ ಉದ್ಯೋಗಿಗಳು ತಮ್ಮ ಕೆಲಸದಲ್ಲಿ ಹಠಾತ್ತನೆ ತೃಪ್ತಿ ಕಂಡುಕೊಂಡರೆಂದು ಇದರಿಂದ ತೀರ್ಮಾನಿಸಲಾಗದು. ಹೊರಗಿನ ಬೇಡಿಕೆ ಕುಗ್ಗಿತು, ಒಳಗಿನ ಅತೃಪ್ತಿ ಬಾಯಿ ಮುಚ್ಚಿಕೊಂಡಿತು. ಆಫರ್ ಸಿಗುವುದು ಮಾರುಕಟ್ಟೆಯ ಸಂಗತಿ, ಹೋಗಬೇಕೆನ್ನಿಸುವುದಕ್ಕೆ ಕಾರಣ ಕೆಲಸದೊಳಗಿನ ಸಂಗತಿ. ಮೊದಲನೆಯದು ಕೈಗೆ ಬಂದೊಡನೆ ಎರಡನೆಯದನ್ನು ಪರೀಕ್ಷಿಸುವ ಗೊಡವೆಗೇ ಹೋಗದವರು 2021 ಮತ್ತು 2022ರಲ್ಲಿ ಬಹಳ ಮಂದಿ ಇದ್ದರು.

ಸಂಬಳದ ಲೆಕ್ಕ ಸುಲಭವೆಂಬ ನಂಬಿಕೆಯೇ ಮೊದಲು ಪರಿಶೀಲಿಸಬೇಕಾದದ್ದು. ಆಫರ್ ಲೆಟರ್‌ನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಕಾಣುವ ಸಿಟಿಸಿ ಎಂಬುದು ಒಬ್ಬ ಉದ್ಯೋಗಿಗಾಗಿ ಕಂಪನಿ ವರ್ಷಕ್ಕೆ ತೆಗೆದಿರಿಸುವ ಒಟ್ಟು ವೆಚ್ಚವೇ ಹೊರತು ಸಂಬಳವಲ್ಲ. ಅದರಲ್ಲಿ ಭವಿಷ್ಯ ನಿಧಿಗೆ (ಪಿಎಫ್) ಕಂಪನಿ ಕಟ್ಟುವ ಪಾಲು, ಗ್ರಾಚ್ಯುಟಿಗೆಂದು ಬದಿಗಿಡುವ ಮೊತ್ತ, ಗುಂಪು ವಿಮೆಯ ಕಂತು, ಕಂಪನಿಯ ಮತ್ತು ಉದ್ಯೋಗಿಯ ಸಾಧನೆ ನೋಡಿ ಕೊಡುವ ವೇರಿಯಬಲ್ ಪೇ, ಒಮ್ಮೆ ಮಾತ್ರ ಸಿಗುವ ಜಾಯಿನಿಂಗ್ ಬೋನಸ್ ಇವೆಲ್ಲ ಸೇರಿರಬಹುದು. ವರ್ಷಕ್ಕೆ 12 ಲಕ್ಷ ರೂಪಾಯಿ ಸಿಟಿಸಿ ಇರುವ ಉದ್ಯೋಗಿಯೊಬ್ಬರಿಗೆ 15 ಲಕ್ಷದ ಆಫರ್ ಬಂದಿದೆ, ಅಂದರೆ ಶೇ. 25ರ ಹೈಕ್ ಸಿಕ್ಕಿದೆ, ಎಂದು ಇಟ್ಟುಕೊಳ್ಳಬಹುದು. ಈಗಿನ ಕಂಪನಿಯಲ್ಲಿ ಮೂಲ ವೇತನ ಅರ್ಧದಷ್ಟು, ಅಂದರೆ 6 ಲಕ್ಷ, ಅದರ ಶೇ. 12ರಂತೆ ಕಂಪನಿಯ ಪಿಎಫ್ ಪಾಲು 72,000, ಶೇ. 4.81ರಂತೆ ಗ್ರಾಚ್ಯುಟಿ 28,860, ವಿಮೆ 12,000, ವೇರಿಯಬಲ್ 60,000 ಕಳೆದರೆ ತಿಂಗಳು ತಿಂಗಳು ಖಚಿತವಾಗಿ ಬರುವ ಭಾಗ ವರ್ಷಕ್ಕೆ 10,27,140 ರೂಪಾಯಿ. ಹೊಸ ಕಂಪನಿಯ 15 ಲಕ್ಷದಲ್ಲಿ ಪಿಎಫ್ ಪಾಲು 90,000, ಗ್ರಾಚ್ಯುಟಿ 36,075, ವಿಮೆ 25,000, ವೇರಿಯಬಲ್ ಶೇ. 15ರಂತೆ 2,25,000, ಜಾಯಿನಿಂಗ್ ಬೋನಸ್ 1,00,000 ಇದ್ದರೆ ಖಚಿತ ಭಾಗ 10,23,925 ರೂಪಾಯಿ ಮಾತ್ರ ಉಳಿಯುತ್ತದೆ. ಹೈಕ್ ಶೇ. 25 ಎಂದು ಮನೆಯವರಿಗೆಲ್ಲ ಹೇಳಿದ ಮೇಲೂ, ಉದ್ಯೋಗಿಯ ಸ್ವಂತ ಪಿಎಫ್ ಕಂತು ಹೆಚ್ಚುವುದರಿಂದ, ತಿಂಗಳ ಕೊನೆಗೆ ಬ್ಯಾಂಕಿಗೆ ಬಂದು ಬೀಳುವ ಮೊತ್ತ, ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ, ಹಿಂದಿನದಕ್ಕಿಂತ ಸುಮಾರು 1,770 ರೂಪಾಯಿ ಕಡಿಮೆಯಾಗಿರುತ್ತದೆ.

ಇದು ಮೋಸವೆಂದು ಹೇಳುವಂತಿಲ್ಲ, ಏಕೆಂದರೆ ಪಿಎಫ್ ಹಣ ಉದ್ಯೋಗಿಯದೇ ಆಗಿ ಉಳಿಯುತ್ತದೆ ಮತ್ತು ವೇರಿಯಬಲ್ ಪೂರ್ತಿ ಸಿಕ್ಕಿದ ವರ್ಷ ಒಟ್ಟು ಗಳಿಕೆ ನಿಸ್ಸಂದೇಹವಾಗಿ ಹೆಚ್ಚುತ್ತದೆ. ಆದರೆ ಮನೆ ಸಾಲದ ಕಂತು, ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಇವು ಖಚಿತ ಭಾಗದಿಂದ ಹೋಗಬೇಕಾದ ಖರ್ಚುಗಳಾದ್ದರಿಂದ ಹೋಲಿಸಬೇಕಾದದ್ದು ಆ ಭಾಗವನ್ನೇ. ಇದೇ ಉದಾಹರಣೆಯಲ್ಲಿ ತೆರಿಗೆಯ ಒಂದು ಸೂಕ್ಷ್ಮವೂ ಅಡಗಿದೆ. 2025-26ನೆಯ ಹಣಕಾಸು ವರ್ಷದ ಹೊಸ ತೆರಿಗೆ ಪದ್ಧತಿಯ ಪ್ರಕಾರ ಸಂಬಳದಾರರಿಗೆ 75,000 ರೂಪಾಯಿಯ ಪ್ರಮಾಣಿತ ಕಡಿತ ದೊರೆತು, ಉಳಿದ ಆದಾಯ 12 ಲಕ್ಷ ಮೀರದಿದ್ದರೆ ತೆರಿಗೆಯೇ ಬೀಳುವುದಿಲ್ಲ; ಹಳೆಯ ಕೆಲಸದಲ್ಲಿ ಈ ಉದ್ಯೋಗಿ ಆ ಮಿತಿಯೊಳಗಿದ್ದರೆ, ಹೊಸ ಕೆಲಸದ ಮೊದಲ ಪೂರ್ಣ ವರ್ಷದಲ್ಲಿ ಬೋನಸ್ ಮತ್ತು ವೇರಿಯಬಲ್ ಎರಡೂ ಪೂರ್ತಿ ಕೈಸೇರಿದಾಗ ಮಿತಿ ದಾಟಿ, ಸೆಸ್ ಸೇರಿ ಸುಮಾರು 74,000 ರೂಪಾಯಿ ತೆರಿಗೆ ಕಟ್ಟಬೇಕಾಗುತ್ತದೆ. ವರ್ಷದ ನಡುವೆ ಕೆಲಸ ಬದಲಿಸುವವರಂತೂ ಹಿಂದಿನ ಕಂಪನಿಯಲ್ಲಿ ಪಡೆದ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಲೇಬೇಕು. ಕೊಡದಿದ್ದರೆ ಎರಡೂ ಕಡೆಯವರು ತೆರಿಗೆರಹಿತ ಮಿತಿಯನ್ನು ತಂತಮ್ಮ ಲೆಕ್ಕದಲ್ಲಿ ಬೇರೆ ಬೇರೆಯಾಗಿ ಬಿಟ್ಟುಕೊಟ್ಟು, ರಿಟರ್ನ್ಸ್ ಸಲ್ಲಿಸುವಾಗ ಬಾಕಿ ತೆರಿಗೆಯೂ ಅದರ ಮೇಲಿನ ಬಡ್ಡಿಯೂ ಒಟ್ಟಿಗೇ ಎದುರಾಗುತ್ತವೆ.

ಬಿಟ್ಟುಹೋಗುವುದರಿಂದ ಕಳೆದುಕೊಳ್ಳುವ ಹಣ ಆಫರ್ ಲೆಟರ್‌ನ ಯಾವ ಪುಟದಲ್ಲೂ ಇರುವುದಿಲ್ಲ. ಗ್ರಾಚ್ಯುಟಿ ಎಂಬುದು ದೀರ್ಘ ಸೇವೆಗೆ ಪ್ರತಿಯಾಗಿ ಕೆಲಸ ಬಿಡುವಾಗ ಒಟ್ಟಾಗಿ ಸಿಗುವ ಹಣ. 1972ರ ಕಾಯ್ದೆ ರೂಪಿಸಿದ ನಿಯಮವನ್ನೇ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಮುಂದುವರಿಸಿದ್ದು, ಅದರಂತೆ ಕಾಯಂ ನೌಕರರು ಐದು ವರ್ಷಗಳ ನಿರಂತರ ಸೇವೆ ಮುಗಿಸಿರಬೇಕು, ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ ಬಂದ ಮೊತ್ತ ಪ್ರತಿ ಸೇವಾವರ್ಷಕ್ಕೂ ಸಲ್ಲುತ್ತದೆ. ಮೇಲಿನ ಉದ್ಯೋಗಿಯ ಮೂಲ ವೇತನ ತಿಂಗಳಿಗೆ 50,000 ರೂಪಾಯಿ ಆಗಿದ್ದು, ನಾಲ್ಕು ವರ್ಷ ಮೂರು ತಿಂಗಳಿಗೆ ರಾಜೀನಾಮೆ ಕೊಟ್ಟರೆ, ಇನ್ನು ಒಂಬತ್ತು ತಿಂಗಳು ಇದ್ದಿದ್ದರೆ ಬರಬಹುದಾಗಿದ್ದ ಸುಮಾರು 1,44,000 ರೂಪಾಯಿ ಕೈತಪ್ಪುತ್ತದೆ. ಜಾಯಿನಿಂಗ್ ಬೋನಸ್ಸಿನ ಒಂದು ಲಕ್ಷಕ್ಕಿಂತ ಇದು ದೊಡ್ಡದು. ನಿಗದಿತ ಅವಧಿಯ ಕರಾರಿನ ಮೇಲೆ ದುಡಿಯುವವರಿಗೆ ಹೊಸ ಸಂಹಿತೆಯ ಪ್ರಕಾರ ಒಂದು ವರ್ಷದ ಸೇವೆಗೇ ಪ್ರಮಾಣಾನುಸಾರ ಗ್ರಾಚ್ಯುಟಿ ಸಿಗುವುದರಿಂದ ಅವರ ಲೆಕ್ಕ ಬೇರೆ. 1995ರ ನೌಕರರ ಪಿಂಚಣಿ ಯೋಜನೆಯ ಸದಸ್ಯರಾಗಿರುವವರಿಗೆ ಹತ್ತು ವರ್ಷಗಳ ಸೇವೆಯಾದ ಮೇಲೆ ಪಿಂಚಣಿಯ ಹಕ್ಕು ಬರುತ್ತದೆ, ಆದರೆ ಆ ಹತ್ತು ವರ್ಷ ಒಂದೇ ಕಂಪನಿಯಲ್ಲಿ ಕಳೆಯಬೇಕೆಂದಿಲ್ಲ. ಪ್ರತಿ ಬಾರಿಯೂ ಹಣ ಹಿಂಪಡೆಯದೆ ಯುಎಎನ್ ಎಂಬ ಒಂದೇ ಸದಸ್ಯ ಸಂಖ್ಯೆಯ ಅಡಿಯಲ್ಲಿ ಖಾತೆಯನ್ನು ವರ್ಗಾಯಿಸಿಕೊಂಡು ಹೋದರೆ ಸೇವಾವಧಿ ಕೂಡುತ್ತಾ ಹೋಗುತ್ತದೆ. ಕೆಲಸ ಬಿಟ್ಟಾಗಲೆಲ್ಲ ಪಿಎಫ್ ತೆಗೆದು ಖರ್ಚು ಮಾಡುವ ಅಭ್ಯಾಸ ಕಡಿಮೆ ಸಂಬಳದ ಕಾರ್ಮಿಕರಲ್ಲಿ, ವಿಶೇಷವಾಗಿ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳಲ್ಲಿ, ವ್ಯಾಪಕವಾಗಿದೆ. ಅವರ ಕಷ್ಟದಲ್ಲಿ ಆ ಹಣ ಎಷ್ಟು ಬೇಕಾದದ್ದೆಂಬುದು ಗೊತ್ತಿದ್ದೂ, ವೃದ್ಧಾಪ್ಯದ ಏಕೈಕ ಆಸರೆ ಹೀಗೆ ಕಂತುಕಂತಾಗಿ ಕರಗುವುದನ್ನು ಕಂಡಾಗ ಸಂಕಟವಾಗದೆ ಇರದು.

ಸಂಬಳದ ಅತೃಪ್ತಿ ಮೊತ್ತದಿಂದ ಮಾತ್ರ ಹುಟ್ಟುವುದಿಲ್ಲ, ಹೋಲಿಕೆಯಿಂದ ಹುಟ್ಟುತ್ತದೆ. ಉದ್ಯೋಗಿಯು ತಾನು ಹಾಕಿದ ಶ್ರಮ ಮತ್ತು ಪಡೆದ ಪ್ರತಿಫಲದ ಅನುಪಾತವನ್ನು ಪಕ್ಕದವರ ಅನುಪಾತದೊಂದಿಗೆ ತೂಗಿ ನೋಡುತ್ತಾನೆ ಎಂಬ ಸಮತೆಯ ಸಿದ್ಧಾಂತವನ್ನು ಮನಶ್ಶಾಸ್ತ್ರಜ್ಞ ಜಾನ್ ಸ್ಟೇಸಿ ಆಡಮ್ಸ್ 1963ರಲ್ಲಿ ಮಂಡಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರಿಗೆ ಸಹೋದ್ಯೋಗಿಗಳ ಸಂಬಳ ನೋಡಲು ಸಿಗುತ್ತದೆಂದು ತಿಳಿಸಿ ಡೇವಿಡ್ ಕಾರ್ಡ್ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ವಿಭಾಗದ ಮಧ್ಯಮ ಮಟ್ಟಕ್ಕಿಂತ ಕಡಿಮೆ ಪಡೆಯುತ್ತಿದ್ದವರ ತೃಪ್ತಿ ಕುಗ್ಗಿ ಬೇರೆ ಕೆಲಸ ಹುಡುಕುವ ಇಚ್ಛೆ ಹೆಚ್ಚಿತು, ಹೆಚ್ಚು ಪಡೆಯುತ್ತಿದ್ದವರ ತೃಪ್ತಿ ಮಾತ್ರ ಏರಲಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿ ಈ ನೋವಿಗೆ ಒಂದು ನಿರ್ದಿಷ್ಟ ಕಾರಣವಿದೆ: ಇರುವವರ ವಾರ್ಷಿಕ ಹೆಚ್ಚಳಕ್ಕೆ ಇಂತಿಷ್ಟೇ ಶೇಕಡಾ ಎಂದು ಬಜೆಟ್ ಕಟ್ಟುವ ಕಂಪನಿಗಳು ಹೊಸಬರ ನೇಮಕಾತಿಗೆ ಮಾತ್ರ ಮಾರುಕಟ್ಟೆಯ ದರ ಕೊಡುವುದರಿಂದ, ಐದು ವರ್ಷ ನಿಂತು ಕೆಲಸ ಕಲಿಸಿದವರಿಗಿಂತ ನಿನ್ನೆ ಬಂದು ಕಲಿಯುತ್ತಿರುವವರ ಸಂಬಳ ಹೆಚ್ಚಾಗಿಬಿಡುತ್ತದೆ. ನಿಷ್ಠೆಯಿಂದ ಉಳಿದವರಿಗೆ ದಂಡ ಹಾಕುವ ಈ ಪದ್ಧತಿಯನ್ನು ಅನಿವಾರ್ಯವೆಂದು ಒಪ್ಪಿಕೊಳ್ಳಲು ಯಾವ ಕಾರಣವೂ ಇಲ್ಲ. ಅಂಥ ಕಡೆ ಕೇಳಿದರೂ ಸಂಬಳ ಸರಿಯಾಗದಿದ್ದರೆ, ಕೊರತೆ ಸಂಬಳದ್ದೇ ಎಂಬುದು ಖಚಿತವಿದ್ದರೆ, ಕಂಪನಿ ಬದಲಿಸುವುದೇ ನೇರವಾದ ದಾರಿ. ಅದಕ್ಕಾಗಿ ಯಾರೂ ಸಂಕೋಚಪಡಬೇಕಾದ ಅಗತ್ಯವಿಲ್ಲ.

ಬೆಳವಣಿಗೆಯ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರ ತಮ್ಮ ಗ್ರಂಥದಲ್ಲಿ ಮಾಡಿದ ಒಂದು ವಿಂಗಡಣೆ ಇಂದಿಗೂ ಉಪಯುಕ್ತವಾಗಿದೆ. ಅವರ ಪ್ರಕಾರ ಕೆಲಸದಲ್ಲಿ ಕಲಿಯುವ ಕೌಶಲಗಳು ಎರಡು ಬಗೆ: ಯಾವ ಸಂಸ್ಥೆಯಲ್ಲಾದರೂ ಬೆಲೆ ಬಾಳುವ ಸಾಮಾನ್ಯ ಕೌಶಲ, ಕಲಿತ ಸಂಸ್ಥೆಯಲ್ಲಷ್ಟೇ ಬೆಲೆಯಿರುವ ನಿರ್ದಿಷ್ಟ ಕೌಶಲ. ಪೀಣ್ಯದ ಯಂತ್ರಶಾಲೆಗಳಲ್ಲಿ ಈ ಭೇದವನ್ನು ಕಣ್ಣಾರೆ ಕಾಣಬಹುದು. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಆದೇಶದಂತೆ ಲೋಹ ಕಡೆಯುವ ಯಂತ್ರದ ಮುಂದೆ ನಿಂತು ಪಾಳಿಯುದ್ದಕ್ಕೂ ಬಿಡಿಭಾಗ ಹಾಕಿ ತೆಗೆಯುವವನು ಆಪರೇಟರ್. ಉಪಕರಣ ಕೂರಿಸಿ, ಆಫ್‌ಸೆಟ್ ಹೊಂದಿಸಿ, ಮೊದಲ ತುಣುಕನ್ನು ಮೈಕ್ರೋಮೀಟರಿನಲ್ಲಿ ಅಳೆದು ಒಪ್ಪುವವನು ಸೆಟ್ಟರ್. ನಕ್ಷೆ ನೋಡಿ ಯಂತ್ರಕ್ಕೆ ಆದೇಶ ಬರೆಯುವವನು ಪ್ರೋಗ್ರಾಮರ್. ಹತ್ತು ಯಂತ್ರಗಳ ಚಿಕ್ಕ ಶಾಪಿನ ಮಾಲೀಕ ಐಟಿಐ ಮುಗಿಸಿ ಬಂದ ಹುಡುಗನಿಗೆ ಎರಡನೆಯ ವರ್ಷದಲ್ಲೇ ಸೆಟ್ಟಿಂಗ್ ಬಿಟ್ಟುಕೊಡುತ್ತಿದ್ದು, ದೊಡ್ಡ ಕಾರ್ಖಾನೆ ತಿಂಗಳಿಗೆ ಮೂರು ಸಾವಿರ ಹೆಚ್ಚು ಕೊಟ್ಟು ಅದೇ ಹುಡುಗನನ್ನು ಬಿಡಿಭಾಗ ಹಾಕಿ ತೆಗೆಯುವುದಕ್ಕಷ್ಟೇ ನಿಲ್ಲಿಸುವುದಾದರೆ, ಆ ಮೂರು ಸಾವಿರಕ್ಕೆ ಅವನು ಕೊಡುವ ಬೆಲೆ ಮುಂದಿನ ಹದಿನೈದು ವರ್ಷಗಳ ಸಂಬಳದಲ್ಲಿ ಕಾಣಿಸಿಕೊಳ್ಳುತ್ತದೆ. ಊಟ, ಬಸ್ಸು, ಸಮವಸ್ತ್ರ, ಆಸ್ಪತ್ರೆಯ ಸೌಲಭ್ಯಗಳಿರುವ ದೊಡ್ಡ ಕಾರ್ಖಾನೆಗೆ ಸೇರುವಂತೆ ಮನೆಯವರು ಒತ್ತಾಯಿಸುವುದು ಸಹಜವೇ; ಸೆಟ್ಟಿಂಗ್ ಕಲಿಯುವ ತನಕ ಕಾದು, ಆಮೇಲೆ ಸೆಟ್ಟರ್ ಆಗಿಯೇ ಅಲ್ಲಿಗೆ ಹೋಗುವ ದಾರಿಯೂ ಇದೆ ಎಂಬುದನ್ನು ಅವರಿಗೆ ತಿಳಿಹೇಳುವವರು ಬೇಕು.

ಸಾಫ್ಟ್‌ವೇರ್ ಉದ್ಯಮದಲ್ಲಿ ಇದೇ ಭೇದ ಹುದ್ದೆಯ ಹೆಸರುಗಳ ಹಿಂದೆ ಮರೆಯಾಗಿರುತ್ತದೆ. ಒಂದು ಕಂಪನಿಯ ಸೀನಿಯರ್ ಎಂಜಿನಿಯರ್ ಮಾಡುವ ಕೆಲಸವನ್ನೇ ಇನ್ನೊಂದರಲ್ಲಿ ಲೀಡ್ ಮಾಡುತ್ತಿರಬಹುದಾದ್ದರಿಂದ, ಹೆಸರು ಬದಲಾಗಿ ಕೆಲಸ ಬದಲಾಗದಿದ್ದರೆ ಅದು ಬೆಳವಣಿಗೆಯಲ್ಲ. ಸ್ವಂತ ಕಂಪನಿಯೊಳಗೆ ಮಾತ್ರ ಬಳಕೆಯಲ್ಲಿರುವ ಉಪಕರಣವೊಂದನ್ನು ಆರು ವರ್ಷ ನಿರ್ವಹಿಸಿದವರು ಒಳಗೆ ಎಷ್ಟೇ ಅನಿವಾರ್ಯರೆನಿಸಿದರೂ ಹೊರಗಿನ ಸಂದರ್ಶನದಲ್ಲಿ ತೋರಿಸಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ, ಮತ್ತು ಈ ಸಂಗತಿ ಅರಿವಿಗೆ ಬರುವುದು ಕಂಪನಿ ಜನರನ್ನು ಕಡಿಮೆ ಮಾಡುವ ವರ್ಷದಲ್ಲಿ. ಹೋದ ವರ್ಷ ಮಾಡಲಾಗದಿದ್ದ ಯಾವ ಕೆಲಸವನ್ನು ಈ ವರ್ಷ ತಾನೇ ಮಾಡಬಲ್ಲೆ ಎಂಬ ಪ್ರಶ್ನೆಗೆ ಎರಡು ವರ್ಷ ಸತತವಾಗಿ ಉತ್ತರ ಸಿಗದಿದ್ದರೆ, ಸಂಬಳ ಚೆನ್ನಾಗಿದ್ದರೂ ಹುಡುಕಾಟ ಆರಂಭಿಸುವುದು ಸೂಕ್ತ. ಅದಕ್ಕೂ ಮೊದಲು ಕಂಪನಿಯೊಳಗೇ ಬೇರೆ ಪ್ರಾಜೆಕ್ಟಿಗೆ ಹೋಗುವ ಅವಕಾಶವನ್ನು ಪರಿಶೀಲಿಸಬಹುದು, ಏಕೆಂದರೆ ಒಳಗಿನ ವರ್ಗಾವಣೆಯಲ್ಲಿ ಗ್ರಾಚ್ಯುಟಿಯ ಅವಧಿಯೂ ಗಳಿಸಿದ ವಿಶ್ವಾಸವೂ ಹಾಗೇ ಉಳಿಯುತ್ತವೆ.

ಮೂರರಲ್ಲಿ ಅತ್ಯಂತ ಕಡಿಮೆ ಚರ್ಚೆಗೆ ಬರುವುದೂ ಅತ್ಯಂತ ಆಳಕ್ಕೆ ಇಳಿಯುವುದೂ ಮನ್ನಣೆಯ ಕೊರತೆ. ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಮುತ್ತಲಿನ 203 ಎಂಜಿನಿಯರುಗಳನ್ನೂ ಲೆಕ್ಕಪತ್ರಗಾರರನ್ನೂ ಸಂದರ್ಶಿಸಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಹೋದ್ಯೋಗಿಗಳು 1959ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನರನ್ನು ಕೆಲಸದಲ್ಲಿ ಅತೃಪ್ತಗೊಳಿಸುವ ಸಂಗತಿಗಳು ಮತ್ತು ತೃಪ್ತಿ ಕೊಡುವ ಸಂಗತಿಗಳು ಒಂದೇ ಗೆರೆಯ ಎರಡು ತುದಿಗಳಲ್ಲ. ಕಂಪನಿಯ ನೀತಿ, ಮೇಲಧಿಕಾರಿಯ ವರ್ತನೆ, ಸಂಬಳ ಮುಂತಾದವು ಕೆಟ್ಟಿದ್ದರೆ ಅಸಮಾಧಾನ ಹುಟ್ಟಿಸುತ್ತವೆ, ಸರಿಯಾಗಿದ್ದ ಮಾತ್ರಕ್ಕೆ ಉತ್ಸಾಹ ಹುಟ್ಟಿಸುವುದಿಲ್ಲ, ಉತ್ಸಾಹ ಹುಟ್ಟುವುದು ಸಾಧನೆ, ಮನ್ನಣೆ, ಕೆಲಸದ ಸ್ವರೂಪ, ಜವಾಬ್ದಾರಿ, ಏಳಿಗೆಗಳಿಂದ. ಅದೇ ಅಧ್ಯಯನದ ಇನ್ನೊಂದು ಅಂಶವನ್ನು ಉಲ್ಲೇಖಿಸುವವರು ಕಡಿಮೆ: ಮನ್ನಣೆ ಕೊಡುವ ಸಂತೋಷ ಅಲ್ಪಾಯುಷಿ, ಕೆಲಸದ ಸ್ವರೂಪ ಮತ್ತು ಜವಾಬ್ದಾರಿಗಳು ಕೊಡುವ ತೃಪ್ತಿ ಬಹುಕಾಲ ಉಳಿಯುವಂಥದ್ದು. ಹೊಗಳಿಕೆಯ ಇಮೇಲ್, ವೇದಿಕೆಯ ಮೇಲಿನ ಫಲಕ, ತಿಂಗಳ ಉತ್ತಮ ಉದ್ಯೋಗಿ ಎಂಬ ಬಿರುದು ಇವು ವಾರದೊಳಗೆ ಹಳೆಯವಾಗುತ್ತವೆ. ಮುಖ್ಯ ನಿರ್ಧಾರಕ್ಕೆ ಮೊದಲು ಅಭಿಪ್ರಾಯ ಕೇಳುವುದು, ಗ್ರಾಹಕರ ಜತೆ ನೇರವಾಗಿ ಮಾತನಾಡಲು ಬಿಡುವುದು, ತಪ್ಪಾದಾಗ ಬೆನ್ನಿಗೆ ನಿಲ್ಲುವುದು ಇವೇ ಮನ್ನಣೆಯ ಗಟ್ಟಿಯಾದ ರೂಪಗಳು.

ಈ ಗಟ್ಟಿ ರೂಪದ ಮನ್ನಣೆ ವ್ಯಕ್ತಿಯ ಜತೆ ಪ್ರಯಾಣ ಮಾಡುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ವಿಚಾರ. ಬ್ಯಾಂಕೊಂದರ ಲೆಕ್ಕಪತ್ರ ತಂತ್ರಾಂಶವನ್ನು ನೋಡಿಕೊಳ್ಳುವ ತಂಡದಲ್ಲಿ, ತಿಂಗಳ ಕೊನೆಯ ರಾತ್ರಿ ಯಾವ ಕಡತ ತಡವಾಗಿ ಬರುತ್ತದೆ, ಅದು ಬಾರದಿದ್ದರೆ ಮುಂದಿನ ಯಾವ ಯಾವ ಕೆಲಸಗಳು ನಿಲ್ಲುತ್ತವೆ, ಆ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಿದರೆ ಎದ್ದು ಮಾತನಾಡುತ್ತಾರೆ ಎಂಬುದೆಲ್ಲ ಗೊತ್ತಿರುವವರು ಒಬ್ಬರು ಇದ್ದೇ ಇರುತ್ತಾರೆ. ಏನೂ ಕೆಡದಂತೆ ನೋಡಿಕೊಳ್ಳುವುದೇ ಅವರ ಕೆಲಸವಾದ್ದರಿಂದ ಅದು ಚೆನ್ನಾಗಿ ನಡೆದಷ್ಟೂ ಅಪ್ರೈಸಲ್ ವೇಳೆ ಬರೆಯಲು ಏನೂ ಸಿಗುವುದಿಲ್ಲ. ಇಂಥವರು ಮನ್ನಣೆಯಿಲ್ಲವೆಂದು ನೊಂದು ಹೊರಟರೆ ಅವರ ಮೌಲ್ಯ ಕಂಪನಿಗೆ ಅರಿವಾಗುವುದು ಮುಂದಿನ ತಿಂಗಳ ಕೊನೆಯಲ್ಲಿ, ಆದರೆ ಆ ಅರಿವಿನಿಂದ ಹೋದವರಿಗೆ ಲಾಭವಿಲ್ಲ. ಹೊಸ ಜಾಗದಲ್ಲಿ ಅವರ ಆ ಜ್ಞಾನವೂ ಇರುವುದಿಲ್ಲ, ಅದನ್ನು ಬಲ್ಲವರೂ ಇರುವುದಿಲ್ಲ. ಹಾರ್ವರ್ಡ್‌ನ ಬೋರಿಸ್ ಗ್ರಾಯ್ಸ್‌ಬರ್ಗ್ ವಾಲ್ ಸ್ಟ್ರೀಟ್‌ನ 78 ಹೂಡಿಕೆ ಬ್ಯಾಂಕುಗಳಲ್ಲಿ 1988ರಿಂದ 1996ರ ವರೆಗೆ ದುಡಿದ, ಅಗ್ರಶ್ರೇಣಿಯವರೆಂದು ಹೆಸರಾಗಿದ್ದ 1,052 ಷೇರು ವಿಶ್ಲೇಷಕರನ್ನು ಅಧ್ಯಯನ ಮಾಡಿದಾಗ, ಕಂಪನಿ ಬದಲಿಸಿದವರಲ್ಲಿ ಹಲವರ ಸಾಧನೆ ಇಳಿದದ್ದು ಕಂಡುಬಂತು. ತಂಡದ ಸಮೇತ ಹೋದವರು ಅಷ್ಟಾಗಿ ಬಾಧಿತರಾಗಲಿಲ್ಲ. ಪ್ರತಿಭೆ ತಮ್ಮೊಬ್ಬರದೇ ಎಂದುಕೊಂಡದ್ದರಲ್ಲಿ ಒಂದು ದೊಡ್ಡ ಪಾಲು ಜತೆಗಾರರದೂ ಸಂಸ್ಥೆಯದೂ ಆಗಿತ್ತು. ಆ ಅಧ್ಯಯನದಲ್ಲಿ ಮಹಿಳಾ ವಿಶ್ಲೇಷಕರ ವಿಷಯ ಮಾತ್ರ ಭಿನ್ನವಾಗಿತ್ತು: ಕಂಪನಿಯೊಳಗಿನ ಗಂಡಸರ ಬಳಗ ತಮ್ಮನ್ನು ಸೇರಿಸಿಕೊಳ್ಳದಿದ್ದಾಗ ಅವರು ಗ್ರಾಹಕರೊಂದಿಗೂ ತಾವು ವಿಶ್ಲೇಷಿಸುವ ಕಂಪನಿಗಳೊಂದಿಗೂ ಹೊರಗಿನ ನಂಟು ಬೆಳೆಸಿಕೊಂಡಿದ್ದರಿಂದ, ಕೆಲಸ ಬದಲಿಸಿದಾಗ ಅವರ ಸಾಧನೆ ಅವರ ಜತೆಗೇ ಬಂತು. ಅನ್ಯಾಯದಿಂದ ಹುಟ್ಟಿದ ಈ ಉಪಾಯ ಎಲ್ಲ ಉದ್ಯೋಗಿಗಳೂ ಕಲಿಯತಕ್ಕದ್ದು.

ಮನ್ನಣೆ ಸಿಗದಿರುವುದಕ್ಕೆ ಎಲ್ಲ ಸಲವೂ ಮ್ಯಾನೇಜರಿನ ಅಲಕ್ಷ್ಯವೇ ಕಾರಣವಾಗಿರುವುದಿಲ್ಲ. ಬೆಲ್ ಕರ್ವ್ ಎಂಬ ಪದ್ಧತಿಯಿರುವ ಕಡೆ ತಂಡದ ಇಂತಿಷ್ಟು ಜನರಿಗಷ್ಟೇ ಉನ್ನತ ರೇಟಿಂಗ್ ಕೊಡಬೇಕು, ಇಂತಿಷ್ಟು ಜನರನ್ನು ಕೆಳಗಿಡಲೇಬೇಕು ಎಂಬ ಮಿತಿ ಮೊದಲೇ ಇರುತ್ತದೆ; ಎಂಟು ಜನರ ತಂಡದಲ್ಲಿ ಐವರು ಅತ್ಯುತ್ತಮವಾಗಿ ದುಡಿದರೂ ಐವರಿಗೂ ಸಲ್ಲಬೇಕಾದದ್ದು ಸಲ್ಲುವುದಿಲ್ಲ. ಕಾರಣ ಮ್ಯಾನೇಜರ್ ಆಗಿದ್ದರೆ ತಂಡ ಬದಲಿಸಿದರೆ ಸಾಕು. ಕಾರಣ ಪದ್ಧತಿಯೇ ಆಗಿದ್ದರೆ, ಸೇರಲಿರುವ ಕಂಪನಿಯಲ್ಲೂ ಅದೇ ಪದ್ಧತಿ ಇದೆಯೇ ಎಂಬುದನ್ನು ಸಂದರ್ಶನದ ಕೊನೆಯಲ್ಲಿ ಕೇಳಿ ತಿಳಿಯಬೇಕು.

ಕೊರತೆಯನ್ನು ಬಾಯಿಬಿಟ್ಟು ಹೇಳುವುದಕ್ಕೂ ಸುಮ್ಮನೆ ಹೊರನಡೆಯುವುದಕ್ಕೂ ಇರುವ ಸಂಬಂಧವನ್ನು ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಪುಸ್ತಕದಲ್ಲಿ ವಿಶ್ಲೇಷಿಸಿದ್ದಾರೆ. ಕ್ಷೀಣಿಸುತ್ತಿರುವ ಯಾವುದೇ ಸಂಸ್ಥೆಯ ಸದಸ್ಯರಿಗೆ ನಿರ್ಗಮನ ಮತ್ತು ದನಿ ಎಂಬ ಎರಡು ದಾರಿಗಳಿದ್ದು, ನಿರ್ಗಮನ ತೀರಾ ಸುಲಭವಾದಾಗ ದನಿ ಎತ್ತಬಲ್ಲವರೇ ಮೊದಲು ಹೊರಟುಹೋಗಿ ಸಂಸ್ಥೆ ಸುಧಾರಿಸುವ ಅವಕಾಶ ಕಳೆದುಕೊಳ್ಳುತ್ತದೆ ಎಂಬುದು ಅವರ ವಾದದ ಒಂದು ಎಳೆ. ನಮ್ಮ ಕಚೇರಿಗಳಲ್ಲಿ ಕೇಳಿ ಪಡೆಯುವುದನ್ನು ಅಪ್ರತಿಷ್ಠೆಯೆಂದು ಬಗೆಯುವವರು ಈಗಲೂ ಬಹಳ. ಮೇಲಿನವರು ತಾವಾಗಿ ಗಮನಿಸಿ ಕೊಡಲಿ ಎಂದು ಮೂರು ವರ್ಷ ಕಾದು, ನಾಲ್ಕನೆಯ ವರ್ಷ ಒಂದು ಮಾತೂ ಆಡದೆ ರಾಜೀನಾಮೆ ಕಳುಹಿಸುತ್ತಾರೆ. ಕೇಳುವುದಕ್ಕೂ ಹೊತ್ತು ಇದೆ: ಅಪ್ರೈಸಲ್ ಮಾತುಕತೆಯ ದಿನಕ್ಕೆ ರೇಟಿಂಗ್ ಮತ್ತು ಹೆಚ್ಚಳ ಬಹುತೇಕ ತೀರ್ಮಾನವಾಗಿರುವುದರಿಂದ, ಅದಕ್ಕೆ ಎರಡು ಮೂರು ತಿಂಗಳು ಮುಂಚೆ, ವರ್ಷದಲ್ಲಿ ಆದ ಕೆಲಸಗಳ ಬರಹವನ್ನು ಮುಂದಿಟ್ಟು, ಬೇಕಾದದ್ದು ಹಣವೋ ಬೇರೆ ಪ್ರಾಜೆಕ್ಟೋ ಹುದ್ದೆಯೋ ಎಂಬುದನ್ನು ಬಿಡಿಸಿ ಹೇಳಬೇಕು. ಕೇಳಿದ್ದಕ್ಕಾಗಿಯೇ ಕಿರುಕುಳ ಕೊಡುವ ಜಾಗವಾದರೆ ಮಾತ್ರ ಈ ಸಲಹೆ ಅನ್ವಯಿಸುವುದಿಲ್ಲ. ಅಲ್ಲಿಂದ ಹೊರಡುವುದಕ್ಕೆ ಬೇರೆ ಲೆಕ್ಕವೇ ಬೇಕಿಲ್ಲ. ರಾಜೀನಾಮೆ ಕೊಟ್ಟ ಮರುದಿನ ಕಂಪನಿ ಮುಂದಿಡುವ ಕೌಂಟರ್ ಆಫರ್, ಅಂದರೆ ಉಳಿಸಿಕೊಳ್ಳಲೆಂದು ಹೆಚ್ಚಿಸಿ ಕೊಡುವ ಸಂಬಳ, ಸಂಬಳದ ಕೊರತೆಯನ್ನಷ್ಟೇ ಮುಟ್ಟುತ್ತದೆ; ಬೆಳವಣಿಗೆ ಅಥವಾ ಮನ್ನಣೆಯ ಕಾರಣಕ್ಕೆ ಹೊರಟವರು ಆ ಹಣ ನೋಡಿ ಉಳಿದರೆ ಮೂಲ ದೂರು ಹಾಗೇ ಉಳಿಯುತ್ತದೆ.

ಕಾನೂನಿನ ಭಯದಿಂದ ನಿರ್ಧಾರ ಮುಂದೂಡುವವರಿಗೆ ಕೆಲವು ಸಂಗತಿಗಳು ತಿಳಿದಿರಬೇಕು. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿ ಸೇರಕೂಡದು ಎಂಬ ಷರತ್ತು 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮಿನ ಪ್ರಕಾರ ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಇಂತಿಷ್ಟು ವರ್ಷ ದುಡಿಯುತ್ತೇನೆಂದು ಬರೆದುಕೊಟ್ಟ ಬಾಂಡ್ ವಿಷಯ ಹಾಗಲ್ಲ. ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಹೆರಿಗೆಯ ನಿರೀಕ್ಷೆಯಲ್ಲಿರುವ ಮಹಿಳೆಯರಿಗೆ ಇನ್ನೊಂದು ನಿಯಮ ಮುಖ್ಯ: 26 ವಾರಗಳ ಸಂಬಳಸಹಿತ ರಜೆ ಪಡೆಯಲು ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಅದೇ ಉದ್ಯೋಗದಾತರಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ವಯಸ್ಸಾದ ತಂದೆತಾಯಿ ಕಂಪನಿಯ ಗುಂಪು ವಿಮೆಯನ್ನೇ ನೆಚ್ಚಿಕೊಂಡಿದ್ದರೆ, ಕೆಲಸದ ಕೊನೆಯ ದಿನದೊಂದಿಗೆ ಆ ರಕ್ಷಣೆಯೂ ಕೊನೆಗೊಳ್ಳುವುದರಿಂದ, ಹೊಸ ಕಂಪನಿಯ ವಿಮೆಯಲ್ಲಿ ಅವರಿಗೆ ಜಾಗವಿದೆಯೇ, ಇದ್ದರೆ ಯಾವ ದಿನದಿಂದ ಎಂಬುದನ್ನು ಬರಹದಲ್ಲಿ ಪಡೆದೇ ರಾಜೀನಾಮೆ ಕೊಡಬೇಕು.

ಇಷ್ಟೆಲ್ಲ ತೂಗಿದ ಮೇಲೂ ತಕ್ಕಡಿ ಸಮವಾಗಿಯೇ ನಿಂತವರ ಬಗ್ಗೆ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಒಂದು ಪ್ರಯೋಗ ನಡೆಸಿದರು. ಕೆಲಸ ಬಿಡುವುದೂ ಸೇರಿದಂತೆ ಜೀವನದ ನಾನಾ ನಿರ್ಧಾರಗಳಲ್ಲಿ ತೊಳಲಾಡುತ್ತಿದ್ದ ಸಾವಿರಾರು ಜನ ನಾಣ್ಯ ಚಿಮ್ಮಿಸಿ ದಾರಿ ಆರಿಸಿಕೊಂಡರು. ಆರು ತಿಂಗಳ ಬಳಿಕ ವಿಚಾರಿಸಿದಾಗ ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು, ಇದ್ದಲ್ಲೇ ಉಳಿದವರಿಗಿಂತ ಹೆಚ್ಚು ಸಂತುಷ್ಟರಾಗಿದ್ದರು. ನಿಜವಾಗಿ ಎರಡು ಮನಸ್ಸಿನಲ್ಲಿರುವವರು ಬೇಕಾದದ್ದಕ್ಕಿಂತ ಹೆಚ್ಚು ಕಾಲ ಉಳಿದುಬಿಡುತ್ತಾರೆ ಎಂಬ ಸೂಚನೆ ಇದರಲ್ಲಿದೆ. ಆದರೆ ವೆಂಡಿ ಬಾಸ್ವೆಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ, ಮ್ಯಾನೇಜರುಗಳು ಕಂಪನಿ ಬದಲಿಸಿದೊಡನೆ ಕೆಲಸದ ತೃಪ್ತಿ ಏರಿ, ಅನಂತರ ಮತ್ತೆ ಇಳಿಯುವುದನ್ನು ದಾಖಲಿಸಿದೆ. ಈ ಕಾರಣಕ್ಕೆ ಹೊಸ ಕೆಲಸದ ಮೊದಲ ಆರು ತಿಂಗಳ ಉಲ್ಲಾಸವನ್ನು ನಿರ್ಧಾರ ಸರಿಯಾಗಿತ್ತೆಂಬುದಕ್ಕೆ ಸಾಕ್ಷಿಯೆಂದು ಹಿಡಿಯಬಾರದು. ಹಳೆಯ ಕೆಲಸ ಬಿಡುವ ವಾರದಲ್ಲೇ ಬಿಡುವ ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಒಂದೂವರೆ ವರ್ಷದ ನಂತರ ತೆಗೆದು ನೋಡುವುದು ಹೆಚ್ಚು ನಂಬಲರ್ಹ ಪರೀಕ್ಷೆ. ಅದರಲ್ಲಿ ಬರೆದ ದೂರುಗಳೇ ಹೊಸ ಜಾಗದಲ್ಲೂ ತಲೆಯೆತ್ತಿದ್ದರೆ, ಮೂರನೆಯ ಆಫರ್ ಹುಡುಕುವ ಮೊದಲು ಅವನ್ನು ಈಗಿನ ಮ್ಯಾನೇಜರಿನ ಮುಂದಿಡಬಹುದು, ಏಕೆಂದರೆ ಅಷ್ಟು ಹೊತ್ತಿಗೆ ಗ್ರಾಚ್ಯುಟಿಯ ಐದು ವರ್ಷಗಳಲ್ಲಿ ಒಂದೂವರೆ ವರ್ಷ ಕಳೆದಿರುತ್ತದೆ, ತಂಡದ ನಾಲ್ಕಾರು ಜನರಿಗಾದರೂ ಕೆಲಸದ ಬೆಲೆ ಗೊತ್ತಾಗತೊಡಗಿರುತ್ತದೆ.